ಕಣ್ಣು ಬಿಡಿಸುವ ಮನೆಯವರು

ಥಾರ್ನ್‌ಹಿಲ್, ಕೆನಡಾ
ಜೂನ್ 8, 2025, ಭಾನುವಾರ

ಚಿ. ನಾಗಲಿಂಗನಿಗೆ,

ಅಕ್ಕ ವೇದವತಿಯ ಮನಸಾರೆ ಆಶೀರ್ವಾದ. ನಿನ್ನ ಹೆಂಡತಿ ರಾಜಲಕ್ಷ್ಮಿಗೂ ತಿಳಿಸು. ಇಲ್ಲಿ ನಾವು ಕ್ಷೇಮ ಎಂದು ಬರೆಯಲು ಇಷ್ಟು ತಿಂಗಳು ಪೆನ್ನು ಒಪ್ಪಿರಲಿಲ್ಲ. ಇವತ್ತು ಒಪ್ಪಿದೆ, ಅದಕ್ಕೇ ಕೂತಿದ್ದೇನೆ. ತಡ ಮಾಡಿದೆನೆಂದು ಮುನಿಸಿಕೊಳ್ಳಬೇಡ. ಮುನಿಸಿಕೊಂಡು ಮಾಡುವುದಾದರೂ ಏನು, ಶಿವಾರಪಟ್ಟಣದಲ್ಲಿ ಕೂತು ನನ್ನ ಜಡೆ ಎಳೆಯಲು ನಿನ್ನ ಕೈ ಅಷ್ಟುದ್ದ ಇಲ್ಲ.

ಹತ್ತು ದಿನದ ಹಿಂದೆ ಇದ್ದಕ್ಕಿದ್ದ ಹಾಗೆ ಫೋನು ಮಾಡಿ, "ನಾಗಾ, ಬಲಗಣ್ಣು ಮೊದಲೋ ಎಡಗಣ್ಣು ಮೊದಲೋ?" ಎಂದು ಕೇಳಿದಾಗ ನೀನು ನಕ್ಕೆ. "ಬಲಗಣ್ಣು ಸೂರ್ಯ, ಅದೇ ಮೊದ್ಲು. ಯಾಕಕ್ಕ, ಈ ವಯಸ್ಸಲ್ಲಿ ಉಳಿ ಹಿಡಿಯೋಕೆ ಹೊರಟ್ಯಾ?" ಅಂದೆ. ನಾನು ಫೋನಿಟ್ಟುಬಿಟ್ಟೆ. ಆಮೇಲೆ ನೀನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಯಾಕೆಂದರೆ ನೀನು ಸ್ಪೀಕರು ಹಾಕುವವನು. ನಿನ್ನ ಶೆಡ್ಡಿನಲ್ಲಿ ಕಲ್ಲು ಕೆತ್ತುವವರೆಲ್ಲ ಉಳಿ ನಿಲ್ಲಿಸಿ ನನ್ನ ಮನೆಯ ರಾಮಾಯಣ ಕೇಳುತ್ತಾರೆ. ಇದು ನಿನಗೊಬ್ಬನಿಗೇ ಹೇಳುವ ಮಾತು. ಹೌದಪ್ಪ, ನಿನ್ನ ಅಕ್ಕ ಒಂದು ದೇವರಿಗೆ ಕಣ್ಣು ಬಿಡಿಸಿದಳು. ನಮ್ಮ ದೇವರಿಗಲ್ಲ, ಗ್ರೀಕರ ದೇವರಿಗೆ. ಕೂತುಕೋ. ಒಂದು ಲೋಟ ನೀರು ಕುಡಿ. ಆಮೇಲೆ ಮುಂದಕ್ಕೆ ಓದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಬರೆಯದೆ ಮುಂದೆ ಹೋಗಲು ಆಗುತ್ತಿಲ್ಲ. ಅಪ್ಪನ ತಿಥಿಗೆಂದು ನಾನೂ ನಿನ್ನ ಭಾವನೂ ಊರಿಗೆ ಬಂದಿದ್ದಾಗ ಇಲ್ಲಿ ನನ್ನ ಮುಕುಂದ ಹೋದ. ಮೂವತ್ತೊಂದು ವರ್ಷದ ಹುಡುಗ, ಟ್ರಕ್ಕಿನವರಿಗೆ ಫೋನಿನಲ್ಲಿ ದಾರಿ ಹೇಳುವ ಕೆಲಸ, ಹಿಂದಿನ ದಿನವಷ್ಟೇ ನನಗೆ "ಹುಣಿಸೆಹಣ್ಣು ತಗೊಂಡ್ ಬಾ ಅಮ್ಮ" ಎಂದಿದ್ದವನು, ಎದೆ ಹಿಡಿದುಕೊಂಡು ಕುಸಿದನಂತೆ, ಮತ್ತೆ ಏಳಲಿಲ್ಲ. ನೀನೇ ನಮ್ಮನ್ನು ಏರ್‌ಪೋರ್ಟಿಗೆ ಬಿಟ್ಟೆ. ನಾವು ಆಕಾಶದಲ್ಲಿ ನೇತಾಡುತ್ತಿದ್ದ ಆ ಹೊತ್ತಿನಲ್ಲಿ ಆಸ್ಪತ್ರೆ, ಪೇಪರು, ಅವನ ಬಟ್ಟೆಬರೆ ಎಲ್ಲ ನೋಡಿಕೊಂಡವಳು ಅವನ ತಂಗಿ ಈಶಾ ಒಬ್ಬಳೇ.

ನಾವು ಬಂದಿಳಿದ ದಿನವೇ ಅವಳಿಗೂ ನನಗೂ ಮಾತು ಮುರಿಯಿತು. ಯಾಕಕ್ಕ ಎಂದು ನೀನು ಕೇಳಿದಾಗ ಹೇಳಿದ್ದೆ: ಫ್ಯೂನರಲ್ ಹೋಮಿನಲ್ಲಿ ನೆಂಟರಿಷ್ಟರ ಎದುರಿಗೆ ಅಣ್ಣನ ಅಂಗೈಯಲ್ಲಿ ಆಚೆ ದಡ ದಾಟುವ ಕೂಲಿ ಎಂದು ನಾಣ್ಯ ಇಟ್ಟು, ಯಾವುದೋ ಗ್ರೀಕ್ ದೇವರ ಹೆಸರು ಹೇಳಿ ನಮ್ಮ ಮಾನ ಕಳೆದಳು ಎಂದು. ಆ ದೇವರುಗಳ ಹುಚ್ಚು ಅವಳಿಗೆ ಕಾಲೇಜಿನಿಂದಲೇ ಇತ್ತು. ಪುಸ್ತಕದ ಹುಚ್ಚು, ತಾನೇ ಇಳಿಯುತ್ತದೆ ಎಂದುಕೊಂಡಿದ್ದೆ. ಅದು ಇಳಿಯಲಿಲ್ಲ, ಅವಳೇ ಮನೆಯಿಂದ ಇಳಿದು ರೆಕ್ಸ್‌ಡೇಲಿನಲ್ಲಿ ಒಂದು ಬೇಸ್‌ಮೆಂಟು ಬಾಡಿಗೆಗೆ ಹಿಡಿದಳು. ಅಪ್ಪನ ಜೊತೆ ಮಾತು, ನನ್ನ ಜೊತೆ ಇಲ್ಲ. ಚಳಿಗಾಲ ಪೂರ್ತಿ ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತು ಹಿಮ ಬೀಳುವುದನ್ನು ನೋಡಿದೆ. ಮಗ ಹೋಗಿ ಆಯಿತು, ಮಗಳೂ ಹೀಗೇ ಮೆಲ್ಲಗೆ ಕೈಬಿಟ್ಟು ಹೋಗುತ್ತಾಳಲ್ಲ ಎನ್ನುವ ಭಯ, ನಾಗಾ. ಆದರೂ ನಾನಾಗಿ ಫೋನು ಮಾಡಲಿಲ್ಲ. ನಮ್ಮ ವಂಶದ ಹಟ ನಿನಗೆ ಗೊತ್ತಲ್ಲ, ಕಲ್ಲಿನ ಜೊತೆ ಇದ್ದೂ ಇದ್ದೂ ಬಂದದ್ದು.

ಜನರ ಬಾಯಿ ಬೇರೆ. ಅರೋರಾದಲ್ಲಿ ನಮ್ಮ ಸತ್ಯಭಾಮಾ ಇದ್ದಾರಲ್ಲ, ಬೆಂಗಳೂರಿನವರು, ರಿಟೈರಾದ ಡಾಕ್ಟರು, ಯುಗಾದಿ ಊಟದ ಪಂಕ್ತಿಯಲ್ಲಿ ಕೇಳಿಯೇಬಿಟ್ಟರು: "ವೇದಾ, ಹುಡುಗಿ ಕ್ರಿಶ್ಚಿಯನ್ ಆಗಿದ್ದಾಳಂತಲ್ಲ ಕಣ್ರೀ?"

"ಇಲ್ಲ ಡಾಕ್ಟ್ರೇ, ಅವಳ ದೇವರು ಏಸುಸ್ವಾಮಿಗಿಂತ ಹಳಬರು," ಅಂದೆ. ನನ್ನ ಮಗಳನ್ನು ಬೈಯಲು ನನಗೊಬ್ಬಳಿಗೇ ಹಕ್ಕು, ಇನ್ಯಾರಿಗೂ ಇಲ್ಲ. ಹೋಳಿಗೆ ಮಾತ್ರ ಆವತ್ತು ಎಲೆಯಲ್ಲೇ ಉಳಿಯಿತು.

ಹೀಗಿರುವಾಗ ಹೋದ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ನಿನ್ನ ಭಾವನಿಗೆ ಅವಳ ಫೋನು ಬಂತು. ಅವರಿಗೆ ಕಿವಿ ಮಂದ, ಹಾಗಾಗಿ ಸ್ಪೀಕರು ಹಾಕಿ ಫೋನು ಕಟ್ಟೆಯ ಮೇಲಿಟ್ಟು ಕಿರುಚುತ್ತಾರೆ. ನಾನು ಅಲ್ಲೇ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಆ ಕಡೆಯಿಂದ ಈಶಾ ತನ್ನ ಅರ್ಧಂಬರ್ಧ ಕನ್ನಡದಲ್ಲಿ ಹೇಳಿದಳು: "ಅಪ್ಪಾ, ಅಮ್ಮನ್ನ ಒಂದು ಕೇಳ್ತೀಯಾ? ನಾವೊಂದು ಸ್ಟ್ಯಾಚ್ಯೂ ಪೇಂಟ್ ಮಾಡ್ತಿದೀವಿ. ಹರ್ಮೀಸ್‌ದು. ಎಲ್ಲಾ ಆಯ್ತು, ಕಣ್ಣು ಮಾತ್ರ ನೋಬಡಿ ಕ್ಯಾನ್ ಡೂ ಇಟ್. ಹೇಗ್ ಮಾಡಿದ್ರೂ ಮೆಳ್ಳಗಣ್ಣು ಬರುತ್ತೆ, ಒರೆಸಿ ಒರೆಸಿ ಸಾಕಾಯ್ತು. ತಾತ ಮಾಡ್ತಿದ್ರಲ್ಲ... ಕಣ್ಣು ಬಿಡಿಸೋದು... ಅಮ್ಮಂಗೆ ಬರುತ್ತಾ?"

ಆ ಮಾತು ಅವಳ ಬಾಯಲ್ಲಿ ಕೇಳಿ ನನ್ನ ಕೈಯ ಚಾಕು ನಿಂತಿತು. ನಿನಗೆ ನೆನಪಿದೆಯೋ ಇಲ್ಲವೋ, ಚಿಕ್ಕವಳಿದ್ದಾಗ ಈ ಮಗುವಿಗೆ ಕನ್ನಡದಲ್ಲಿ ಬಾಯಿತುಂಬ ಬರುತ್ತಿದ್ದ ಕ್ರಿಯಾಪದ ಅದೊಂದೇ. ಊರಿಗೆ ಬಂದಾಗ ನಮ್ಮಮ್ಮನ ಜೊತೆ ಕೂತು ಅವರೆಕಾಯಿ ಬಿಡಿಸುವಳು, ಮಲ್ಲಿಗೆ ಹೂ ಬಿಡಿಸುವಳು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಆನೆ ಬಿಡಿಸುವಳು. ಅಪ್ಪ ಶೆಡ್ಡಿಗೆ ಹೊರಟರೆ "ತಾತಾ, ಇವತ್ತು ಉಮ್ಮಾಚಿ ದೇವ್ರಿಗೆ ಕಣ್ಣು ಬಿಡಿಸ್ತೀಯಾ?" ಎನ್ನುವಳು. ಅಪ್ಪ ನಗುತ್ತಾ, "ಇವಳಿಗೆ ಒಂದು ಪದ ಕೊಟ್ಟರೆ ಸಾಕು ಕಣೇ, ಪ್ರಪಂಚಾನೇ ನಡೆಸ್ತಾಳೆ," ಎನ್ನುತ್ತಿದ್ದರು.

ನಿನ್ನ ಭಾವ ಫೋನಿನ ಮೇಲೆ ಕೈ ಮುಚ್ಚಿ ನನ್ನ ಕಡೆ ನೋಡಿದರು. "ನಿನ್ನ ತವರುಮನೆ ಕೆಲಸ ಬಂದಿದೆ ನೋಡು. ಹೂಂ ಅನ್ಲಾ?"

"ನನಗ್ಯಾಕ್ರೀ ಬೇರೆ ದೇವರ ಉಸಾಬರಿ," ಅಂದೆ. ಬೆಂಡೆಕಾಯಿ ಅಷ್ಟು ಸಣ್ಣಗೆ ನಾನು ಯಾವತ್ತೂ ಹೆಚ್ಚಿರಲಿಲ್ಲ. ಅವರು ಫೋನಿಗೆ, "ಬರ್ತಾಳಂತೆ!" ಎಂದು ಕೂಗಿ ಇಟ್ಟುಬಿಟ್ಟರು. ಈ ಮನುಷ್ಯನಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ಬರೀ ನಾಟಕ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನಿನಗೆ ಫೋನು ಮಾಡಿದ್ದು ಆಗಲೇ. ಅಪ್ಪ ಕಣ್ಣು ಬಿಡಿಸುವುದನ್ನು ನಾನು ನೋಡಿದ್ದೇ ಹೊರತು ಮಾಡಿದವಳಲ್ಲ. ನೀನು ಗಂಡುಹುಡುಗ, ಸುತ್ತಿಗೆ ಎತ್ತಿಕೊಡುತ್ತಿದ್ದೆ. ನನಗೆ ಕೊಟ್ಟಿದ್ದು ಕನ್ನಡಿ ಹಿಡಿಯುವ ಕೆಲಸ. ದೇವರು ಕಣ್ಣು ತೆರೆದ ಕ್ಷಣ ಎದುರಿಗೆ ಮನುಷ್ಯರು ಇರಬಾರದು, ಆ ಮೊದಲ ನೋಟ ಬೆಂಕಿ, ಅದು ಕನ್ನಡಿಯಲ್ಲಿ ತನ್ನನ್ನೇ ತಾನು ನೋಡಿಕೊಂಡು ತಣ್ಣಗಾಗಬೇಕು ಎಂದು ಅಪ್ಪ ಎಷ್ಟು ಸಲ ಹೇಳಿದ್ದಾರೆ. ನಾನು ಕನ್ನಡಿಯ ಹಿಂದೆ ಮುಖ ಮುಚ್ಚಿಕೊಂಡು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ಮದುವೆಯಾಗಿ ಇಲ್ಲಿಗೆ ಬಂದು ರೆಕ್ಸ್‌ಡೇಲಿನ ಲ್ಯಾಬಿನಲ್ಲಿ ಕನ್ನಡಕದ ಗಾಜು ಉಜ್ಜುತ್ತಾ ನನ್ನ ಕೂದಲು ಹಣ್ಣಾಯಿತು. ಅಪ್ಪ ದೇವರಿಗೆ ಕಣ್ಣು ಕೊಟ್ಟರು, ನಾನು ಕೆನಡಾದವರಿಗೆ ಕೊಟ್ಟೆ, ಈಗ ಈಶಾ ದಂತದ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತಾಳೆ. ನಮ್ಮ ವಂಶ ಕಣ್ಣಿಂದ ಹಲ್ಲಿಗೆ ಇಳಿಯಿತು ಎಂದು ನಿನ್ನ ಭಾವ ಆಡಿಕೊಳ್ಳುತ್ತಾರೆ.

ಮೇ ಮೂವತ್ತೊಂದರ ಶನಿವಾರ ಹೊರಟೆವು. ಸ್ಟೀಲ್ಸ್ ರಸ್ತೆಯುದ್ದಕ್ಕೂ ಹೋಗಿ ತಲುಪಿದೆವು. ಫ್ಯಾಕ್ಟರಿ ಗೋಡೌನುಗಳ ಸಾಲಿನಲ್ಲಿ, ಒಂದು ಟೈರಂಗಡಿ ಪಕ್ಕದಲ್ಲಿ ಶಟರು ಅರ್ಧ ಎತ್ತಿದ ಜಾಗ. ಬಾಗಿಲಲ್ಲಿ ಈಶಾ ನಿಂತಿದ್ದಳು. ಸೊರಗಿದ್ದಾಳೆ. ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದಾಳೆ. ನಾನು ಚಪ್ಪಲಿ ನೋಡುತ್ತಾ ಒಳಗೆ ಹೋದೆ, ಅವಳು ಗೋಡೆ ನೋಡುತ್ತಾ ದಾರಿ ಬಿಟ್ಟಳು.

ಒಳಗೆ ಕಾಲಿಟ್ಟರೆ, ನಾಗಾ, ನಮ್ಮ ಶೆಡ್ಡಿನದೇ ವಾಸನೆ! ಒದ್ದೆ ಧೂಳು, ಹಸಿ ಗಾರೆ. ಸ್ಟೆಫನೋಸ್ ಎನ್ನುವವನದು ಆ ಜಾಗ, ಮನೆಗಳ ಛಾವಣಿಗೆ ಪ್ಲಾಸ್ಟರಿನ ಹೂಬಳ್ಳಿ ಎರಕ ಹೊಯ್ಯುವವನು. ಹಳೇ ಗ್ರೀಕ್ ದೇವರನ್ನು ಪೂಜಿಸುವ ಇವರ ಗುಂಪಿನ ಏಳೆಂಟು ಜನರಲ್ಲಿ ಹುಟ್ಟಿನಿಂದ ಗ್ರೀಕನಾದವನು ಅವನೊಬ್ಬನೇ. ಅವನ ಅಜ್ಜಿ ದಿನಾ ಚರ್ಚಿಗೆ ಹೋಗುವವಳಂತೆ, ಮೊಮ್ಮಗ ಹಳೇ ದೇವರಿಗೆ ಧೂಪ ಹಾಕುತ್ತಾನೆ ಎಂದು ತಿಳಿದರೆ ಪೊರಕೆ ತಗೊಳ್ಳುತ್ತಾಳಂತೆ. ಅಜ್ಜಿಯರು ಎಲ್ಲ ಕಡೆಯೂ ಒಂದೇ.

ನಾನು ಅಂದುಕೊಂಡಿದ್ದು ಮ್ಯೂಸಿಯಮ್ಮಿನಲ್ಲಿರುವಂಥ ಬಿಳೀ ಬೊಂಬೆ, ಸುಣ್ಣ ಹೊಡೆದ ಕಂಬದ ಹಾಗೆ. ಸ್ಟೆಫನೋಸ್ ಬಟ್ಟೆ ಸರಿಸಿದ. ಅಬ್ಬಾ! ಬಣ್ಣ ಕಣೋ! ಬಿಸಿಲಲ್ಲಿ ಓಡಾಡಿದ ಹುಡುಗನ ಹಾಗೆ ಕಂದು ಮೈ, ಗುಂಗುರು ಕಪ್ಪು ಕೂದಲು, ಭುಜದ ಮೇಲೆ ಕುಂಕುಮದ ಬಣ್ಣದ ಶಾಲು, ಅಂಚಿಗೆ ನೀಲಿ ಗೆರೆ, ಟೋಪಿಗೂ ಹಿಮ್ಮಡಿಗೂ ಪುಟ್ಟ ರೆಕ್ಕೆ. ಈಗಲೋ ಆಗಲೋ ಹೊರಟುಬಿಡುತ್ತೇನೆ ಎನ್ನುವಂತೆ ಒಂದು ಕಾಲು ಮುಂದಿಟ್ಟು ನಿಂತಿದ್ದಾನೆ. ಹಳೇ ಕಾಲದಲ್ಲಿ ಗ್ರೀಕರ ದೇವರೆಲ್ಲ ಹೀಗೇ ಬಣ್ಣಬಣ್ಣವಾಗಿ ಇದ್ದರಂತೆ, ಕಣ್ಣೂ ಇತ್ತಂತೆ. ಮಳೆ, ಮಣ್ಣು, ಆಮೇಲೆ ಸಿಕ್ಕವರು ತೊಳೆದದ್ದು, ಎಲ್ಲ ಸೇರಿ ಬಣ್ಣ ಹೋಗಿ ಕಲ್ಲು ಮಾತ್ರ ಉಳಿಯಿತು, ಉಳಿದದ್ದನ್ನೇ ಜನ ಚಂದ ಎಂದರು ಅಂತ ಸ್ಟೆಫನೋಸ್ ಹೇಳಿದ. ನನಗೆ ಮೈ ಜುಂ ಎಂದಿತು. ಇಷ್ಟು ಕಾಲ ಲೋಕವೆಲ್ಲ ಕಣ್ಣು ಅಳಿಸಿಹೋದ ದೇವರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದೆಯಲ್ಲೋ!

ಮುಖದಲ್ಲಿ ಕಣ್ಣಿನ ಜಾಗ ಮಾತ್ರ ನುಣ್ಣಗೆ, ಬೋಳು. ಅದನ್ನು ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ. ಯಾಕೆ ಎಂದು ಈಗ ಬರೆಯಲಾರೆ.

ಮೂಲೆಯಲ್ಲಿ ಅವರ ಪೂಜೆಯ ಜಾಗ. ಬಾಗಿಲಲ್ಲೇ ಕೈ ತೊಳೆದು ಬರಬೇಕು. ಬಾರ್ಲಿ ಕಾಳು, ಜೇನು, ಧೂಪ. ಅಮಾವಾಸ್ಯೆಗೆ ಮನೆ ಗುಡಿಸಿ, ಬೆಳ್ಳುಳ್ಳಿ ಮೊಟ್ಟೆ ತೆಗೆದುಕೊಂಡು ಹೋಗಿ ಮೂರು ದಾರಿ ಕೂಡುವಲ್ಲಿ ಇಟ್ಟು ಹಿಂತಿರುಗಿ ನೋಡದೆ ಬರುತ್ತಾರಂತೆ. ನಮ್ಮಮ್ಮ ಅಮಾವಾಸ್ಯೆಗೆ ನಿವಾಳಿಸಿ ಎಸೆದು ಬರುತ್ತಿದ್ದಳಲ್ಲ, "ತಿರುಗಿ ನೋಡಬೇಡ್ರೋ" ಎನ್ನುತ್ತಿದ್ದಳಲ್ಲ! ಅಮಾವಾಸ್ಯೆ ಕಳೆದು ನಾಲ್ಕನೆಯ ದಿನ ಈ ಹರ್ಮೀಸನ ದಿನ, ಅದಕ್ಕೇ ಶನಿವಾರ ಕರೆದದ್ದು. ಹೆಚ್ಚುಕಮ್ಮಿ ನಮ್ಮ ಚೌತಿ ಲೆಕ್ಕ. ನಾನೂ ಕೈ ತೊಳೆದುಕೊಂಡೆ.

ಪೂಜೆಯ ಜಾಗದಲ್ಲಿ ಒಂದು ದೀಪ, ಅದರ ಮುಂದೆ ವಿಗ್ರಹವೇ ಇಲ್ಲ. ಮೊದಲ ಹನಿ ಜೇನು ಅದಕ್ಕೇ ಹಾಕಿದರು. "ಅಲ್ಲಿ ಯಾರೂ ಇಲ್ಲವಲ್ಲ?" ಎಂದು ನಾನು ಗಾಳಿಗೆ ಕೇಳಿದ ಹಾಗೆ ಕೇಳಿದೆ.

"ಅದು ಒಲೆ ದೇವತೆ, ಹೆಸ್ಟಿಯಾ. ಅವಳಿಗೆ ಸ್ಟ್ಯಾಚ್ಯೂ ಬೇಕಾಗಿಲ್ಲ ಅಮ್ಮ. ಅವಳೇ ಬೆಂಕಿ," ಅಂದಳು ಈಶಾ.

ಅಮ್ಮ ಅಂದಳು, ನಾಗಾ. ಎಂಟು ತಿಂಗಳಾದ ಮೇಲೆ. ನಾನು ಕನ್ನಡಕ ಒರೆಸಿಕೊಂಡೆ, ಒರೆಸಿದಷ್ಟೂ ಮಂಜಾಗುತ್ತಿತ್ತು.

ಬ್ರಷ್ಷು ಆರಿಸುತ್ತಾ ಕೇಳಿಯೇಬಿಟ್ಟೆ. "ನಿಜವಾಗ್ಲೂ ನಂಬ್ತೀಯೇನೇ ಇವನನ್ನ?"

ಅವಳು ಬಣ್ಣದ ಮುಚ್ಚಳ ತಿರುಗಿಸುತ್ತಾ ನಿಂತಿದ್ದಳು. "ನೀವಿಬ್ರೂ ಪ್ಲೇನಲ್ಲಿದ್ರಿ. ಆಸ್ಪತ್ರೇಲಿ ಅಣ್ಣ ಒಬ್ನೇ ಮಲಗಿದ್ದ. ಅವ್ನು ಎಲ್ಲಾ ಟ್ರಕ್ಕಿಗೂ ದಾರಿ ಹೇಳೋನು, ಅವನಿಗ್ ಯಾರ್ ಹೇಳ್ತಾರೆ ಅನ್ನಿಸ್ತು. ಇವ್ನು ಸತ್ತೋರನ್ನ ಕೈ ಹಿಡ್ಕೊಂಡು ಕರ್ಕೊಂಡ್ ಹೋಗ್ತಾನೆ ಅಮ್ಮ. ದಟ್ಸ್ ಹಿಸ್ ಜಾಬ್. ಸೋ ಐ ಆಸ್ಕ್ಡ್ ಹಿಮ್. ಕೇಳ್ಕೊಂಡೆ, ಅಷ್ಟೇ." ಮುಚ್ಚಳ ಕೆಳಗಿಟ್ಟು ಹೇಳಿದಳು, "ಆಮೇಲೆ ಭಯ ಆಗ್ಲಿಲ್ಲ. ಯಾರೋ ಬಂದ ಹಾಗಾಯ್ತು."

ನಾವು ವೈತರಣಿಗೆ ಗೋದಾನ ಕೊಟ್ಟಾಗ ಪುರೋಹಿತರು ಹೇಳಿದ್ದೂ ಇಷ್ಟೇ ಅಲ್ಲವಾ? ದಾಟಿಸುವವರು ಯಾರಾದರೂ ಬೇಕು. ನನ್ನ ಮಗನ ಜೊತೆ ಆ ಹೊತ್ತಿನಲ್ಲಿ ಯಾರೋ ಇದ್ದರು ಎಂದು ನನ್ನ ಮಗಳು ಹೇಳುತ್ತಿದ್ದಾಳೆ. ಎಂಟು ತಿಂಗಳಲ್ಲಿ ಎಷ್ಟೋ ಜನ ನನಗೆ ಸಮಾಧಾನ ಹೇಳಿದರು, ಇದೊಂದು ಮಾತು ಎದೆಗೆ ಇಳಿಯಿತು.

ಆಮೇಲೆ ನಾನು ಅಪ್ಪನ ಮಗಳಾದೆ. ಎಲ್ಲರನ್ನೂ ಪರದೆಯ ಆಚೆ ಕಳಿಸಿದೆ. ಎದುರಿಗೆ ನಿಂತು ಕಣ್ಣು ಬರೆಯಲು ಹೋಗಿದ್ದಾರೆ ಪಾಪ, ಮೆಳ್ಳಗಣ್ಣು ಬರದೆ ಏನಾದೀತು! ಪಕ್ಕದಲ್ಲಿ ನಿಂತು ಮಾಡಬೇಕು, ಎದುರಿಗೆ ಕನ್ನಡಿ ಇರಬೇಕು. ಬಚ್ಚಲುಮನೆ ಗೋಡೆಯ ಕನ್ನಡಿಯನ್ನು ಸ್ಟೆಫನೋಸ್ ಕಳಚಿಕೊಟ್ಟ, ಮೂಲೆಯಲ್ಲಿ ಟೂತ್‌ಪೇಸ್ಟಿನ ಕಲೆ ಬೇರೆ. ಅದನ್ನು ಈಶಾಳ ಕೈಗೆ ಕೊಟ್ಟೆ. "ಅಲ್ಲಾಡಿಸ್ಬೇಡ. ನೀನು ಹಿಂದೆ ಮುಖ ಮುಚ್ಕೋ. ನಾನು ಹೇಳೋವರೆಗೂ ಇಳಿಸ್ಬೇಡ." ನನಗೆ ಅಪ್ಪ ಹೇಳುತ್ತಿದ್ದ ಮಾತು, ಅದೇ ದನಿ, ನನ್ನ ಬಾಯಿಂದ ಬಂತು.

ಅಪ್ಪನ ಹತ್ತಿರ ಇದ್ದಂಥ ಚಿನ್ನದ ಸೂಜಿ ಎಲ್ಲಿಂದ ತರುವುದು? ನನ್ನ ಮೂಗುಬಟ್ಟು ಬಿಚ್ಚಿದೆ. ಅದರ ಕಡ್ಡಿಯನ್ನು ಅವರ ಜೇನಿನಲ್ಲಿ ಅದ್ದಿ ಮೊದಲು ಬಲಗಣ್ಣಿಗೆ, ಆಮೇಲೆ ಎಡಗಣ್ಣಿಗೆ ಮುಟ್ಟಿಸಿದೆ. ಅಪ್ಪನೂ ಜೇನನ್ನೇ ಮುಟ್ಟಿಸುತ್ತಿದ್ದದ್ದು, ಇವರ ದೇವರಿಗೂ ಜೇನೇ ಪ್ರೀತಿ. ಬಾಯಲ್ಲಿ ಬಂದದ್ದು ಅಪ್ಪನ ಮಂತ್ರ, ನನಗೆ ಬರುವುದು ಅದೊಂದೇ. ಹರ್ಮೀಸಪ್ಪ, ಭಾಷೆ ನಿನ್ನದಲ್ಲ, ಭಾವ ನೋಡಿಕೋ ಎಂದು ಕೇಳಿಕೊಂಡೆ. ಆಮೇಲೆ ಬಿಳಿ. ಆಮೇಲೆ ರೆಪ್ಪೆಯ ಗೆರೆ. ಆಮೇಲೆ ಕಂದು ಬಣ್ಣದ ಬಳೆ. ಗಾಜು ಉಜ್ಜಿದ ಕೈ ನೋಡು, ಒಂದಿಷ್ಟೂ ನಡುಗಲಿಲ್ಲ. ಕೊನೆಗೆ ಕಪ್ಪು ಬೊಟ್ಟು. ಬಲಕ್ಕೊಂದು, ಎಡಕ್ಕೊಂದು.

ಅದೇ ಹೊತ್ತಿಗೆ ಕನ್ನಡಿ ಜಾರಿತು. ದೊಡ್ಡ ಕನ್ನಡಿ, ಹಿಡಿದು ಹಿಡಿದು ಅವಳ ಕೈ ಸೋತಿತ್ತು. ದೇವರ ಮೊದಲ ನೋಟ ನೇರವಾಗಿ ನನ್ನ ಮಗಳ ಮೇಲೆ ಬಿತ್ತು!

"ಎತ್ತೇ! ಕನ್ನಡಿ ಎತ್ತೇ ಈಶಾ!" ಎಂದು ಕಿರುಚಿದೆ. ಜೀವ ಬಾಯಿಗೆ ಬಂದಿತ್ತು. ಇರುವ ಒಬ್ಬಳ ಮೇಲೂ ಬೆಂಕಿ ಬಿತ್ತಲ್ಲಪ್ಪ ಎಂದು ಬ್ರಷ್ಷು ಎಸೆದು ಓಡಿದೆ. ಅವಳು ಎತ್ತಲಿಲ್ಲ. ಕನ್ನಡಿಯನ್ನು ಹೊಟ್ಟೆಗೆ ಆನಿಸಿಕೊಂಡು, ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಿದ್ದಳು. "ಅಮ್ಮ," ಅಂದಳು. "ಅಣ್ಣ."

ನಾನು ಅವಳ ಪಕ್ಕ ಬಂದು ತಿರುಗಿ ನೋಡಿದೆ. ಪಕ್ಕದಲ್ಲಿ ನಿಂತು ಬರೆದವಳಿಗೆ ಎದುರಿನಿಂದ ಹೇಗೆ ಕಾಣುತ್ತದೆ ಎಂದು ಗೊತ್ತಿರಲಿಲ್ಲ. ಎಡಗಣ್ಣಿನ ರೆಪ್ಪೆ ಒಂದು ಎಳೆಯಷ್ಟು ಕೆಳಗಿತ್ತು. ಈಗ ತಾನೇ ನಿದ್ದೆಯಿಂದ ಎದ್ದು, ಏನೋ ಕೀಟಲೆ ಮಾಡಲು ಹೊರಟವನ ಹಾಗೆ. ಮುಕುಂದನ ಕಣ್ಣು ನಾಗಾ. ನಾನು ಹೆತ್ತ ಕಣ್ಣು. ದೇವರಾಣೆ, ನಾನು ಬೇಕೆಂದು ಮಾಡಿದ್ದಲ್ಲ. ಅವನು ನಮ್ಮಿಬ್ಬರನ್ನೂ ನೋಡುತ್ತಿದ್ದ. ನಾನು ಆ ಪ್ಲಾಸ್ಟರ್ ಧೂಳಿನಲ್ಲೇ ಕೂತುಬಿಟ್ಟೆ. ಈಶಾ ಕನ್ನಡಿ ಕೆಳಗಿಟ್ಟು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು, ನಾನೂ ಅತ್ತೆ. ಅಷ್ಟು ದಿನ ನಾವಿಬ್ಬರೂ ಬೇರೆಬೇರೆ ಮನೆಯಲ್ಲಿ ಅತ್ತಿದ್ದು, ಅವತ್ತು ಒಟ್ಟಿಗೆ. 

ಹರ್ಮೀಸನೇ ಆ ಕಣ್ಣು ಕೇಳಿ ಇಸಿದುಕೊಂಡನೋ, ಮುಕುಂದನೇ ನಮ್ಮನ್ನೊಮ್ಮೆ ನೋಡಲು ಬಂದನೋ, ತಾಯಿಯ ಕೈಗೆ ಬೇರೆ ಕಣ್ಣು ಗೊತ್ತಿರಲಿಲ್ಲವೋ, ನನಗೆ ತಿಳಿಯದು. ಅವತ್ತಿನಿಂದ ಯೋಚಿಸುತ್ತಿದ್ದೇನೆ. ಯೋಚಿಸಿದಷ್ಟೂ ಕೈಮುಗಿಯಬೇಕು ಅನ್ನಿಸುತ್ತದೆ, ಯಾರಿಗೆ ಎಂದು ಗೊತ್ತಾಗುವುದಿಲ್ಲ, ಹಾಗಾಗಿ ಸುಮ್ಮನೆ ಮುಗಿಯುತ್ತೇನೆ. ಮೊದಲ ನೋಟ ಮನುಷ್ಯರ ಮೇಲೆ ಬಿದ್ದರೆ ನಮ್ಮಲ್ಲಿ ಏನಾದರೂ ಪ್ರಾಯಶ್ಚಿತ್ತ ಉಂಟೇನೋ? ಇದ್ದರೆ ಬರೆಯಬೇಡ. ಇಲ್ಲ ಎಂದಾದರೆ ಮಾತ್ರ ಬರೆ.

ಈಶಾ ಇವತ್ತು ಮನೆಗೆ ಬಂದಿದ್ದಾಳೆ. ಕೆಳಗೆ ಅಪ್ಪನೂ ಮಗಳೂ ಸಾರಿಗೆ ಉಪ್ಪು ಹೆಚ್ಚಾಯಿತೋ ಇಲ್ಲವೋ ಎಂದು ಜಗಳವಾಡುವುದು ಇಲ್ಲಿಗೆ ಕೇಳಿಸುತ್ತಿದೆ. ಬಂದವಳೇ ನನ್ನ ಗ್ಯಾಸ್ ಒಲೆಯ ಪಕ್ಕ ಒಂದು ತೊಟ್ಟು ಜೇನು ಇಟ್ಟು ಕೈಮುಗಿದಳು. ಇರುವೆ ಬರುತ್ತವೆ ಕಣೇ ಎಂದು ಬೈದೆ, ಆದರೆ ಒರೆಸಲಿಲ್ಲ. ತಿಂಗಳ ಕೊನೆಗೆ ಬೇಸ್‌ಮೆಂಟು ಖಾಲಿ ಮಾಡಿ ಬರುತ್ತೇನೆ ಎಂದಿದ್ದಾಳೆ.

ನಿನ್ನ ಉಳಿ ಮೊಂಡಾಗದಿರಲಿ, ರಾಜಲಕ್ಷ್ಮಿಯ ಮಂಡಿನೋವು ಕಡಿಮೆಯಾಗಲಿ, ಶೆಡ್ಡಿನಲ್ಲಿ ನಿಂತಿರುವ ದೇವರೆಲ್ಲ ಒಳ್ಳೆಯ ಮನೆ ಸೇರಲಿ. ಅಪ್ಪನ ಪಟಕ್ಕೆ ನನ್ನ ಪರವಾಗಿ ಒಂದು ಹೂವಿಡು. ನಿನ್ನ ಮಗಳು ಕೇಳಿದರೆ ಅವಳಿ‌ಗೂ ಉಳಿ ಕೊಡು, ಬರೀ ಕನ್ನಡಿ ಹಿಡಿಸಬೇಡ.

ಇಂತಿ ನಿನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದ,
ಅಕ್ಕ ವೇದವತಿ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಹರಿದೆ. ನಾಣ್ಯ ಇಟ್ಟದ್ದು ನಿಜ, ಆದರೆ ಮಾತು ಮುರಿದದ್ದು ಅದಕ್ಕಲ್ಲ. ನಾವು ವಿಮಾನದಲ್ಲಿದ್ದಾಗ ಆಸ್ಪತ್ರೆಯವರು ಈಶಾಳನ್ನು ಕೇಳಿದರಂತೆ, ನಿಮ್ಮ ಅಣ್ಣನ ಕಣ್ಣು ದಾನ ಕೊಡುತ್ತೀರಾ, ಕಾಯುವಷ್ಟು ಹೊತ್ತಿಲ್ಲ ಎಂದು. ಅವಳು ಒಬ್ಬಳೇ ಕೂತು ಹೂಂ ಅಂದಳು. ನಾನು ಬಂದು ಮಗನ ಮುಚ್ಚಿದ ಕಣ್ಣನ್ನು ಸವರುತ್ತಿದ್ದಾಗ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: "ಅಮ್ಮ, ಅಣ್ಣನ ಕಣ್ಣು ಬಿಡಿಸ್ದೆ." ನನಗೆ ಕೇಳಿಸಿದ್ದು ಅವರೆಕಾಯಿ ಬಿಡಿಸಿದ ಹಾಗೆ ಬಿಡಿಸಿದೆ ಎಂದು. ಅವತ್ತಿನಿಂದ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಯಾರಿಗೂ ಹೇಳಲೂ ಆಗಲಿಲ್ಲ, ನಿನಗೂ. ಮೊನ್ನೆ ಅವಳನ್ನು ಮನೆಗೆ ಬಿಡುವಾಗ ಕಾರಿನಲ್ಲಿ ಕೇಳಿದೆ, ಆ ಮಾತು ಯಾಕೆ ಹಾಗೆ ಆಡಿದೆ ಎಂದು. "ತಾತ ಹೇಳೋದು ಅದೇ ಅಲ್ವಾ ಅಮ್ಮ? ಕಣ್ಣಿಲ್ಲದೋರಿಗೆ ಕಣ್ಣು ಬರೋದಕ್ಕೆ? ನಂಗೆ ಗೊತ್ತಿದ್ದಿದ್ದು ಆ ವರ್ಡ್ ಒಂದೇ," ಅಂದಳು.

ಇಬ್ಬರಿಗೆ ದೃಷ್ಟಿ ಬಂದಿದೆಯಂತೆ. ಯಾರೆಂದು ಆಸ್ಪತ್ರೆಯವರು ಹೇಳುವುದಿಲ್ಲ. ನಾನು ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲರ ಕಣ್ಣು ನೋಡುತ್ತೇನೆ. ಪಟ್ಟಿ ಬಿಚ್ಚಿದಾಗ ಅವರ ಎದುರಿಗೆ ಯಾರೂ ಕನ್ನಡಿ ಹಿಡಿದಿರಲಾರರು. ಹಿಡಿಯದಿದ್ದರೂ ಚಿಂತೆಯಿಲ್ಲ ನಾಗಾ. ಅವನ ನೋಟ ಯಾರನ್ನೂ ಸುಡುವಂಥದ್ದಲ್ಲ.